ಶಾಯಿಯನ್ನೂ ನಂಬದ ಸರ್ವಮಂಗಳಾ

ಆಗಷ್ಟೇ ಬೆಳಕು ಹರಿಯುತ್ತಿದೆ. ತಿರುವೊಟ್ಟಿಯೂರಿನ ಆಸ್ಪತ್ರೆಯೊಂದರ ಲ್ಯಾಬಿನ ಬಾಗಿಲಲ್ಲಿ ಸರ್ವಮಂಗಳಾ ನನ್ನ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸುತ್ತಾರೆ. "ಪೇಪರ್‌ನೋನು ಅಂತ ಯಾರು ಬೇಕಾದ್ರೂ ಹೇಳ್ಬೋದಲ್ವಾ ಸಾರ್?" ನನಗೂ ಅವರ ಮೇಲೆ ಅನುಮಾನವೇ. ಹೊಗಳಿ ಬರೆಯಲು ಹೋದರೆ ಎದುರಿನವರು ಸ್ವಲ್ಪ ನಟಿಸುವುದನ್ನು ಕಂಡು ಕಂಡು ನನಗೆ ಸಾಕಾಗಿದೆ.

ರೋಗಿಯ ಬೆನ್ನಿನಿಂದ ತೆಗೆದ ನೀರಿನಲ್ಲಿ ಮಿದುಳಿಗೆ ಹತ್ತುವ ಫಂಗಸ್ ಇದೆಯೇ ಎಂದು ಹುಡುಕುವುದು ಅವರ ಕೆಲಸ. ಗಾಜಿನ ಮೇಲೆ ಆ ನೀರಿನ ಒಂದು ಹನಿ, ಅದಕ್ಕೆ ಒಂದು ಹನಿ ಕಪ್ಪು ಶಾಯಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಪ್ಪಿನ ನಡುವೆ ಫಂಗಸ್ಸಿನ ಸುತ್ತ ಬಿಳಿ ಬಳೆ ಕಾಣಿಸುತ್ತದೆ. ಗಾಳಿಗುಳ್ಳೆಯೂ ಕೆಲವೊಮ್ಮೆ ಹಾಗೇ ಕಂಡು ಮೋಸಮಾಡುತ್ತದೆ. "ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್" ಎನ್ನುತ್ತಾರೆ. ಈಕೆಯ ತಂದೆ ವೀರಪ್ಪ, ಸೌಕಾರ್‌ಪೇಟೆಯ ಚಿನ್ನದಂಗಡಿಯಲ್ಲಿ ಒರೆಗಲ್ಲು ಹಿಡಿದು ಕೂತಿದ್ದವರು. ಅನುಮಾನ ಮನೆತನದ ಆಸ್ತಿ. ವೆಸ್ಟ್ ಮಾಂಬಲಂನ ಮನೆಯಲ್ಲಿ ಮಗಳು ಶರಣ್ಯಾ ತಮಿಳಿನಲ್ಲೇ ಛೇಡಿಸುತ್ತಾಳಂತೆ: "ಅಮ್ಮಾವುಕ್ಕು ಎಲ್ಲಾಮೇ ಸಂದೇಗಂ!" ಅಮ್ಮನಿಗೆ ಎಲ್ಲದರ ಮೇಲೂ ಅನುಮಾನ, ಅಂತ.

ಇವತ್ತಿನ ಹನಿ ಮಂಡ್ಯ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕಿರುವ ಒಬ್ಬರದು. ಬಿಡದ ತಲೆನೋವು, ಈಗ ಹೆಂಡತಿಯ ಗುರುತೂ ಸಿಗುತ್ತಿಲ್ಲ. ಆ ಹೆಂಡತಿ ಪೂರ್ಣಿಮಾ (ಹೆಸರು ಬದಲಿಸಿದ್ದೇನೆ) ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಫಂಗಸ್ ಆಗಿದ್ದರೆ ಔಷಧ ಇವತ್ತೇ ಶುರುವಾಗಬೇಕು. ಆದರೆ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಔಷಧ, ಸುಮ್ಮನೆ ಕೊಡುವಂತಿಲ್ಲ.

ಸರ್ವಮಂಗಳಾ ಕಣ್ಣಿಟ್ಟು ನೋಡುತ್ತಾರೆ, ನನಗೂ ತೋರಿಸುತ್ತಾರೆ. ಬಿಳಿ ಬಳೆ ಇದೆ! ಸಿಕ್ಕಿತಲ್ಲ ಎಂದು ನಾನು ಹಿಗ್ಗುತ್ತೇನೆ. ಅವರ ಹುಬ್ಬು ಮಾತ್ರ ಗಂಟಾಗಿದೆ. ರೋಗಿಯ ಹನಿ ಬಿಟ್ಟು, ಶುದ್ಧ ಉಪ್ಪುನೀರಿಗೆ ಅದೇ ಶಾಯಿ ಬೆರೆಸಿ ನೋಡುತ್ತಾರೆ. ಅಲ್ಲೂ ದುಂಡಗಿನದೇನೋ ತೇಲುತ್ತಿದೆ. ತೆರೆದ ಬಾಟಲಿಯ ಶಾಯಿಯಲ್ಲೇ ಫಂಗಸ್ ಬೆಳೆಯುವುದುಂಟಂತೆ. ಹಾಗಾದರೆ ನಾನು ಕಂಡ ಬಳೆಯೂ ಶಾಯಿಯದ್ದೇ ಇರಬಹುದು. ಅವರು ಕೂಡಲೇ ರೋಗಿಯನ್ನು ನೋಡುತ್ತಿರುವ ಡಾಕ್ಟರ್ ಹರಿಪ್ರಿಯಾಗೆ ಫೋನ್ ಮಾಡಿ ತಮಿಳಿನಲ್ಲಿ ಹೇಳುತ್ತಾರೆ: "ಡಾಕ್ಟರ್, ಮೈ ಸರಿಯಿಲ್ಲೈ."

ಹೊರಗೆ ಪೂರ್ಣಿಮಾ ಚೀರುತ್ತಾರೆ. "ಅಯ್ಯೋ, ನಮ್ಮೆಜಮಾನ್ರ ಮೈಗೆ ಇನ್ನೇನಾಯ್ತು?"

ಸರ್ವಮಂಗಳಾ ಬಾಗಿಲಿಗೆ ಓಡುತ್ತಾರೆ. "ಅವರ ಮೈ ಅಲ್ಲಮ್ಮಾ, ನನ್ನ ಮೈ!"

"ನಿಮ್ಗೂ ಬಂತಾ ಅಕ್ಕಾ?"

"ಅಯ್ಯೋ, ಇಂಕು ಕಣಮ್ಮಾ! ತಮಿಳಲ್ಲಿ ಇಂಕಿಗೆ ಮೈ ಅಂತಾರೆ. ಅದು ಕೆಟ್ಟಿದೆ. ಬೇರೆ ಬಾಟ್ಲಿ ತೆಗೀತೀನಿ, ಸ್ವಲ್ಪ ತಡ್ಕೊಳ್ಳಿ."

ಪೂರ್ಣಿಮಾ ಅಳುತ್ತಲೇ ನಗುತ್ತಾರೆ.

ಹೊಸ ಬಾಟಲಿಯನ್ನೂ ಈಕೆ ನಂಬುವುದಿಲ್ಲ. ಮೊದಲು ಉಪ್ಪುನೀರಿನಲ್ಲಿ ಪರೀಕ್ಷೆ. ಅಲ್ಲಿ ಏನೂ ಇಲ್ಲ. ಆಮೇಲೆ ರೋಗಿಯ ಹನಿ. ಕಪ್ಪಿನ ನಡುವೆ ಮತ್ತೆ ಬಿಳಿ ಬಳೆ, ಅದರೊಳಗೆ ದುಂಡಗಿನ ಕಣ, ಕಣದ ಪಕ್ಕದಲ್ಲಿ ಪುಟ್ಟ ಮೊಗ್ಗು, ಗಾಳಿಗುಳ್ಳೆಗೆ ಇಲ್ಲದ್ದು. ಇನ್ನೊಂದು ಗಾಜಿನಲ್ಲೂ ಅದೇ. "ಖಂಡಿತ ಇದೆ ಡಾಕ್ಟರ್," ಎಂದು ಮತ್ತೆ ಫೋನಿನಲ್ಲಿ ತಮಿಳಿನಲ್ಲೇ ಹೇಳುವಾಗ ಅವರ ದನಿ ನಡುಗುತ್ತದೆ. ಆ ನಡುಕ ನಟನೆಯಲ್ಲ ಎಂದು ನಾನು ಒಪ್ಪಿಕೊಂಡೆ.

ಆದರೂ ನನ್ನ ಬುದ್ಧಿ ಬಿಡಬೇಕಲ್ಲ. ಕೊನೆಗೂ ಅದೇ ಉತ್ತರ ಬಂತು, ತಡಮಾಡಿದ್ದೇ ಬಂತಲ್ಲವೇ ಎಂದು ಕೆಣಕುತ್ತೇನೆ.

"ಮೊದ್ಲೇ ಹೇಳಿದ್ರೆ ಅದು ಉತ್ತರ ಅಲ್ಲ ಸಾರ್. ಕತ್ತಲಲ್ಲಿ ಕಲ್ಲು ಹೊಡೆದಂಗೆ. ಬಿದ್ರೂ ಬಿತ್ತು, ಇಲ್ದಿದ್ರೂ ಇಲ್ಲ."

ಕೆಲವು ವಾರ ಬಿಟ್ಟು ಮತ್ತೆ ಹೋಗುತ್ತೇನೆ. ಲ್ಯಾಬಿನ ಎದುರಿನ ಬೆಂಚಿನ ಮೇಲೆ ಪೂರ್ಣಿಮಾರ ಗಂಡ ಇಡ್ಲಿ ತಿನ್ನುತ್ತಾ, ಚಟ್ನಿ ಸಾಲದೆಂದು ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ. ಪೂರ್ಣಿಮಾ ಮಾತ್ರ ಬಾಗಿಲಲ್ಲಿ ಇಣುಕಿ ಒಳಗಿದ್ದವರನ್ನು ವಿಚಾರಿಸುತ್ತಾರೆ:

"ಅಕ್ಕಾ, ಮೈ ಹೆಂಗಿದೆ?"

ಸರ್ವಮಂಗಳಾ ಮೈಕ್ರೋಸ್ಕೋಪಿನಿಂದ ತಲೆ ಎತ್ತುವುದಿಲ್ಲ.

"ಇವತ್ತು ಸರಿಯಾಗಿದೆ ಕಣಮ್ಮಾ. ನಾಳೆ ಮತ್ತೆ ನೋಡ್ಬೇಕು."