ಅಕ್ಕೋರು ಬೇಡವೆಂದ ಇಂಜೆಕ್ಷನ್

ನಾಲ್ಕು ಸಾವಿರ ಬಿತ್ತು. ಉಮರ್ಗಾದಲ್ಲಿ ಮುಚ್ಚಿಹೋದ ಒಂದು ಟ್ಯೂಷನ್ ಕ್ಲಾಸಿನ ಸೂಕ್ಷ್ಮದರ್ಶಕ, ಆರು ಸಾವಿರ ಹೇಳಿದ್ದರು. ಮಸೂರದ ಅಂಚಿಗೆ ಬೂಷ್ಟು ಹಿಡಿದಿದ್ದನ್ನು ಬೆಳಕಿಗೊಡ್ಡಿ ತೋರಿಸಿದೆ, ಎರಡು ಇಳಿಯಿತು. ಹಳೇ ಸಾಮಾನು ಕೊಂಡು ಮಾರುವ ನನಗೆ ಅದರಲ್ಲಿ ಲಾಭವಿದೆ, ಅದಕ್ಕೇ ಕೊಂಡೆ. ಮರಾಠಿ ಸೀಮೆಯ ಉದಗೀರದ ನನ್ನ ಅಂಗಡಿಗೆ ತಂದು ಮರದ ಪೆಟ್ಟಿಗೆ ತೆರೆದಾಗ ಸ್ಪಿರಿಟ್ಟಿನ ವಾಸನೆ ಬಂತು... ಎದುರು ಮನೆಯ ಅಕ್ಕೋರ ಕೈಗೂ ಇದೇ ವಾಸನೆ ಇರುತ್ತಿತ್ತು.

ಪಾಠ ಹೇಳುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಇವರು ಬೀದರ ಕಡೆಯವರು, ಇಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಅದಕ್ಕೂ ಮೊದಲು ಪುಣೆಯ ಪ್ರಯೋಗಾಲಯವೊಂದರಲ್ಲಿ ಇಲಿಯ ಭ್ರೂಣದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೆಳೆಸುತ್ತಿದ್ದರಂತೆ. ದಿನವಿಡೀ ಮರಾಠಿ ಆಡಿ ದಣಿದು, ಸಂಜೆ ನಮ್ಮ ಅಂಗಡಿ ಕಟ್ಟೆಗೆ ಕನ್ನಡ ಆಡಲೆಂದೇ ಬರುತ್ತಿದ್ದರು. ಒಮ್ಮೆ ಫೋನು ಮುಂದೆ ಹಿಡಿದರು.

“ಸಾವಕಾರ್ರ, ಇದರ ರೇಟು ಹೇಳ್ರಿ ನೋಡೋಣ.”

ಗಾಜಿನ ತಟ್ಟೆಯಲ್ಲಿ ಬಿಳಿಚಿದ ತುಣುಕೊಂದು ಮಿಡಿಯುತ್ತಿತ್ತು. ಯಾರ ಹೃದಯ ಎಂದೆ.

“ಯಾರದೂ ಅಲ್ರೀ. ಏನಾಗಬೇಕಂತ ಇನ್ನೂ ಗೊತ್ತಾಗದ ಕೋಶ ಇದ್ದವು. ಈಗ ನೋಡ್ರಿ, ಹ್ಯಾಂಗ ಬಡ್ಕೊಳ್ಳಲತ್ತಾವ!”

ಒಂದು ಬಗೆಯ ದ್ರವದಲ್ಲಿ ಇಟ್ಟಷ್ಟು ಕಾಲ ಅವು ಏನೂ ಆಗದೆ ಹೆಚ್ಚುತ್ತಲೇ ಇರುತ್ತವಂತೆ. ಹಾಗೆ ತಡೆದಿಟ್ಟ ಅಂಶ ತೆಗೆದು, ಮುಚ್ಚಳದ ಒಳಬದಿಗೆ ಹನಿಹನಿಯಾಗಿ ತೂಗಿಬಿಟ್ಟರೆ ಕೋಶಗಳು ಹನಿಯ ತಳಕ್ಕಿಳಿದು ಉಂಡೆಗಟ್ಟುತ್ತವೆ. ಉಂಡೆಯನ್ನು ತಟ್ಟೆಗಿಳಿಸಿ ಕೆಲವು ದಿನ ಕಾದರೆ ಒಂದು ಮೂಲೆ ಮಿಡಿಯತೊಡಗುತ್ತದೆ. ಎಲ್ಲವೂ ಹೃದಯದ ಸ್ನಾಯು ಆಗುವುದಿಲ್ಲ. ಕೆಲವು ನರವಾಗುತ್ತವೆ, ಕೆಲವು ಕರುಳು. ಬೇರೆ ಬೇರೆ ಲಯದಲ್ಲಿ ಬಡಿಯುವ ಎರಡು ತುಣುಕು ಬೆಳೆದು ಒಂದನ್ನೊಂದು ಮುಟ್ಟಿದರೆ ಒಟ್ಟಿಗೆ ಬಡಿಯುತ್ತವೆ... ಇಷ್ಟು ಹೇಳುವುದರೊಳಗೆ ಅಕ್ಕೋರು ಉಸಿರಿಗಾಗಿ ಎರಡು ಸಲ ನಿಂತರು. ಅವರ ಸ್ವಂತ ಹೃದಯ ಹಿಗ್ಗಿ ಸೋತಿತ್ತು.

ಹಾಗಾಗಿ ವ್ಯಾಪಾರಕ್ಕೆ ಹೋದ ನಿಲಂಗಾದಲ್ಲಿ, ಕ್ಲಿನಿಕ್ಕಿಗೆ ರೋಗಿಗಳನ್ನು ಹಿಡಿದುಕೊಡುವ ಕಾಸಾರಶಿರಸಿ ಊರಿನ ಏಜೆಂಟನೊಬ್ಬ ಸಿಕ್ಕಾಗ ನನ್ನ ಕಿವಿ ನೆಟ್ಟಗಾಯಿತು. ದೊಡ್ಡ ಊರಿನ ಕ್ಲಿನಿಕ್ಕಿನಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತಾರೆ, ಹೃದಯದ ಸ್ನಾಯು ಹೊಸದಾಗಿ ಬೆಳೆಯುತ್ತದೆ ಅಂದ. ಅವನು ಹೇಳಿದ ಲಕ್ಷಗಳನ್ನು ಅರ್ಧಕ್ಕಿಳಿಸಿ, ಅವನನ್ನೇ ಅಕ್ಕೋರ ಮನೆಗೆ ಕರೆತಂದೆ. ಕಡಿಮೆ ಬಿದ್ದಿದ್ದನ್ನು ನಾನೇ ಹಾಕುವವನಿದ್ದೆ.

ಅಕ್ಕೋರು ಅವನಿಗೆ ಚಹಾ ಕೊಟ್ಟರು. “ಕೋಶ ಯಾವ ಹಂತದ್ದಪಾ? ಏನೂ ಆಗದವು ಒಂದಿಷ್ಟು ಉಳಿದು ಒಳಗ ಗಂಟಾದ್ರ? ಸ್ನಾಯುನೇ ಆತು ಅನ್ನು, ನನ್ನ ಹೃದಯದ ಲಯ ಬಿಟ್ಟು ತನ್ನದೇ ತಾಳ ಹಾಕಿದ್ರ?”

“ಮೇಡಂ, ಎಲ್ಲಿ ಹೋಗಬೇಕು, ಏನಾಗಬೇಕು, ಎಲ್ಲಾ ಕೋಶಕ್ಕ ಗೊತ್ತಿರ್ತದ ರೀ.”

“ಹಂಗಿದ್ರ ಅಷ್ಟು ವರ್ಷ ನಾ ಯಾಕ ಅವುಗಳ ಕಾವಲು ಕೂತಿದ್ದೆ? ಮನಿಗಿ ಹೋಗಿ ಮಲಗತಿದ್ದೆ.”

ನನಗೂ ನಗು ಬಂತು. ಅವನು ಹೋದ ಮೇಲೆ, ಇನ್ನೂ ಇಳಿಸುತ್ತೇನೆ ಅಂದೆ.

“ಪುಕ್ಕಟ ಕೊಟ್ರೂ ಬ್ಯಾಡ ರೀ, ಸಾವಕಾರ್ರ. ಖರೇದು ಮುಂದ ಬರ್ತದ. ಇನ್ನೂ ರೋಗಿಗಳ ಮ್ಯಾಲೆ ಪರೀಕ್ಷಾ ನಡದಾವ.”

“ನಿಮಗ, ಅಕ್ಕೋರ?”

“ನನಗ ಗುಳಿಗಿ ಅದಾವಲ್ಲ.”

ಚಳಿಗಾಲ ಮುಗಿಯುವ ಮೊದಲೇ ಅಕ್ಕೋರು ತೀರಿಹೋದರು. ಸುದ್ದಿ ಬಂದಾಗ ಹಳೇ ಪಂಪಿಗೆ ಗಿರಾಕಿ ನಿಂತಿದ್ದ. ಚೌಕಾಸಿ ಮಾಡಿದೆ, ಮಾರಿದೆ, ಆಮೇಲೆ ಹೋದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಎದುರು ಮನೆಗೆ ಬೇರೆ ಬಾಡಿಗೆದಾರರು ಬಂದಿದ್ದಾರೆ, ಒಳ್ಳೆಯ ಜನ...

ನಿಮ್ಮ ಮನೆಯಲ್ಲೂ ಯಾರದಾದರೂ ಹೃದಯ ಸೋತಿದ್ದು, ಇಂಥ ಸೂಜಿ ಮಾರುವವನು ಬಂದರೆ, ಬೆಲೆಯನ್ನು ಕೊನೆಗೆ ಕೇಳಿ. ಯಾವ ಕೋಶ, ಯಾರ ಮೇಲೆ ಪರೀಕ್ಷೆಯಾಗಿದೆ, ಅನುಮತಿ ಯಾರದು ಎಂದು ಬರೆಸಿಕೊಂಡು, ಅವನ ಕಡೆಯವರಲ್ಲದ ಹೃದಯದ ಡಾಕ್ಟರಿಗೆ ತೋರಿಸಿ. ಪರೀಕ್ಷೆಯ ಹಂತದ್ದಕ್ಕೆ ರೋಗಿಯಿಂದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ದಿನದ ಗುಳಿಗೆ ತಪ್ಪಿಸಬೇಡಿ. ಇಷ್ಟು ಮಾಡಿದರೆ ದುಡ್ಡು ಉಳಿಯುತ್ತದೆ. ಮನುಷ್ಯ ಉಳಿಯದೆಯೂ ಹೋಗಬಹುದು. ಆ ದುಡ್ಡನ್ನು ಯಾರ ಮುಂದೆಯೂ ಲಾಭ ಅನ್ನಬೇಡಿ.