ಅಳಿವೆ ದಾಟಿದ ಮೀನು

ಅರವತ್ತರ ದಶಕದ ಆರಂಭದಲ್ಲಿ ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಒಂಟಿಕೊಪ್ಪಲಿನ ನಮ್ಮ ಮನೆಯವರೆಲ್ಲ ಲಿಂಗ ಕಟ್ಟಿದವರು. ಮೀನಿನ ಹೆಸರೆತ್ತಿದರೂ ಅವ್ವ ಮುಖ ಸಿಂಡರಿಸುತ್ತಿದ್ದಳು. ಅಂಥ ಮನೆಯ ಹುಡುಗಿ ನಾನು ಅಧ್ಯಯನಕ್ಕೆ ಆರಿಸಿಕೊಂಡದ್ದು, ಮಂಗಳೂರಿನ ಅಳಿವೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದ ಒಂದು ಮೀನನ್ನು. ನದಿ ಕಡಲು ಸೇರುವ ಆ ಉಪ್ಪುನೀರು ಬಿಟ್ಟು ಅದು ಎಲ್ಲಿಗೂ ಹೋಗದೆಂದು ನಮ್ಮ ಮೇಷ್ಟ್ರು ನಂಬಿದ್ದರು. ಮೊಟ್ಟೆಯಿಡಲು ನದಿಯೊಳಕ್ಕೆ ಹೋಗುತ್ತದೆಂದು ನಾನು ವಾದಿಸುತ್ತಿದ್ದೆ.

ರಜೆಯಲ್ಲಿ ಅಲ್ಲಿಗೆ ಹೋಗಿ, ಬಲೆಗೆ ಸಿಕ್ಕ ಮೀನುಗಳ ಬೆನ್ನಿನ ರೆಕ್ಕೆಗೆ ಕಾಲೇಜಿನ ವಿಳಾಸವಿದ್ದ ಚಿಕ್ಕ ಬಿಲ್ಲೆ ಕಟ್ಟಿ, ಮತ್ತೆ ನೀರಿಗೆ ಬಿಟ್ಟು ಬಂದೆ. ಮಳೆಗಾಲ ಕಳೆದರೂ ಸುದ್ದಿಯಿಲ್ಲ. ನಾನು ಆಸೆ ಬಿಡುವ ಹೊತ್ತಿಗೆ, ಒಂದು ಸಂಜೆ ಮೇಷ್ಟ್ರೇ ಸೈಕಲ್ ತುಳಿದುಕೊಂಡು ಮನೆಗೆ ಬಂದರು.

"ನಿನ್ನ ಮೀನು ಸಿಕ್ತಮ್ಮ! ಬಂಟ್ವಾಳದ ಹತ್ರ, ಸಿಹಿನೀರಲ್ಲಿ. ಹೊಟ್ಟೆ ತುಂಬ ಮೊಟ್ಟೆ ಇತ್ತಂತೆ. ನೀನ್ ಹೇಳಿದ್ದೇ ಸರಿ" ಎಂದು, ಅಲ್ಲಿನ ಬೆಸ್ತರು ಕಳಿಸಿದ್ದ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು.

ಅಡುಗೆಮನೆಯಿಂದ ಬಂದ ಅವ್ವನಿಗೆ ಕಾಣದಂತೆ ಅದನ್ನು ಮುಚ್ಚಿಕೊಳ್ಳಹೋದೆ. ಅವಳು ನನ್ನ ಮುಷ್ಟಿ ಬಿಡಿಸಿ, ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ, ದೀಪದ ಬೆಳಕಿಗೆ ಹಿಡಿದು ನೋಡಿದಳು. ಮೇಷ್ಟ್ರಿಗೆ ಕಾಫಿಯ ಜೊತೆ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಕೊಬ್ಬರಿ ಮಿಠಾಯಿ ಬಂತು.

ಮರುದಿನ ಬೆಳಿಗ್ಗೆ ಕಾಂಪೌಂಡಿನಾಚೆಯ ಪಕ್ಕದ ಮನೆಯಾಕೆಗೆ ಅವ್ವ ಹೇಳುತ್ತಿದ್ದಳು: "ಮೇಷ್ಟ್ರಿಗೇ ಗೊತ್ತಿಲ್ದೇ ಇದ್ದದ್ದನ್ನ ನಮ್ಮುಡುಗಿ ಕಂಡಿಡ್ದುಬುಟ್ಳು ಕಣ್ರೀ!" ಒಳಗೆ ಜಡೆ ಹಾಕಿಕೊಳ್ಳುತ್ತಿದ್ದ ನಾನು, ಅವಳ ಮಾತು ಮುಗಿಯುವವರೆಗೂ ಹೊರಗೆ ಹೋಗಲಿಲ್ಲ.