ಒಂದೇ ಮಗ್ಗುಲಿನ ಘಟ್ಟಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಘಟ್ಟದ ರಸ್ತೆಯಲ್ಲಿ ಮೋಟಾರ್‌ಸೈಕಲ್ ಮೇಲೆ ಹೇಗೆ ಹೋಗಬೇಕು, ಯಾವ ತಿರುವಿನಲ್ಲಿ ಗೇರು ಇಳಿಸಬೇಕು, ಎಲ್ಲಿ ಒಳ್ಳೆಯ ಚಹಾ ಸಿಗುತ್ತದೆ ಎಂದು ಜನಕ್ಕೆ ತಿಳಿಸುವ ವೆಬ್‌ಸೈಟೊಂದನ್ನು ಏಳೆಂಟು ವರ್ಷ ನಡೆಸಿದವಳು ನಾನು. ಆದರೆ ನನಗೆ ಮೋಟಾರ್‌ಸೈಕಲ್ ಓಡಿಸಲು ಬರುವುದಿಲ್ಲ. ನಿಜ ಹೇಳಬೇಕೆಂದರೆ ಸೈಕಲ್ಲೂ ಬರುವುದಿಲ್ಲ. ನನ್ನ ಘಟ್ಟದ ಜ್ಞಾನವೆಲ್ಲ ಹಿಂದಿನ ಸೀಟಿನದು, ಅದೂ ಸೀರೆ ಉಟ್ಟು, ಎರಡೂ ಕಾಲು ಒಂದೇ ಕಡೆ ಹಾಕಿ, ಒಂದು ಕೈಯಲ್ಲಿ ಸೀಟಿನ ಕಂಬಿ, ಇನ್ನೊಂದರಲ್ಲಿ ಬುತ್ತಿಯ ಗಂಟು ಹಿಡಿದು ಗಳಿಸಿದ್ದು.

ಇನ್ನೂ ನಗೆಪಾಟಲಿನ ಸಂಗತಿ ಎಂದರೆ ಈ ಘಟ್ಟದ ಪಾಠವನ್ನು ನಾವು ಹೇಳುತ್ತಿದ್ದದ್ದು ಜಮಖಂಡಿಯಲ್ಲಿ ಕೂತು. ನಮ್ಮಲ್ಲಿ ಗುಡ್ಡ ಇಲ್ಲವೆಂದಲ್ಲ, ಇವೆ. ಆದರೆ ಕೊಂಕಣದವರ ಮುಂದೆ ಅವನ್ನು ಗುಡ್ಡ ಎನ್ನಲು ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ರಸ್ತೆಗಳಲ್ಲಿ ಹತ್ತಿ ಇಳಿಯುವುದಕ್ಕಿಂತ ಕಷ್ಟದ ಕೆಲಸ ಎಂದರೆ ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರನ್ನು ದಾಟಿ ಮುಂದೆ ಹೋಗುವುದು. ಇಂಥ ಬಯಲಿನವರಿಗೆ ಘಟ್ಟದ ಹುಚ್ಚು ಯಾಕೆ ಹಿಡಿಯಿತು ಎನ್ನುವುದನ್ನು ಹೇಳಬೇಕಾದರೆ ನನ್ನ ಮದುವೆಯಿಂದ ಶುರು ಮಾಡಬೇಕು.

ನನ್ನ ತವರು ರಬಕವಿ. ನಮ್ಮಜ್ಜ ಕುರಿ ಕಾಯ್ದವನು. ಅಪ್ಪ ಮಾತ್ರ ಕುರಿ ಬಿಟ್ಟು ಮಗ್ಗಕ್ಕೆ ಕೂತ. ಹೀಗಾಗಿ ಮನೆದೇವರು ಬೀರೇಶ್ವರನಾದರೂ ನನ್ನ ಕಿವಿಯಲ್ಲಿ ತುಂಬಿದ್ದು ಮಗ್ಗದ ಸದ್ದು. ಲಾಳಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಜಗತ್ತಿಗೆ ಇರುವುದೇ ಎರಡು ಕಡೆ ಎಂದು ನಾನು ನಂಬಿದ್ದೆ. ಅಂಥವಳನ್ನು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಗೆ, ಇನ್ನೂ ಕುರಿ ಇಟ್ಟುಕೊಂಡಿದ್ದ ಮನೆಗೆ ಕೊಟ್ಟರು. ಹೋದ ಎರಡನೆಯ ದಿನ ಅತ್ತೆಯವರು ಒಲೆಯ ಮುಂದಿನಿಂದಲೇ ಕೂಗಿ ಹೇಳಿದರು.

"ಶಾಂತಾ, ಬಡಗಲ ಗ್ವಾಡಿಗೆ ಚರಿಗಿ ಐತಿ, ತಗೊಂಬಾ."

ನಾನು ನಡುಮನೆಯಲ್ಲಿ ನಿಂತು ನಾಲ್ಕೂ ಗೋಡೆಯನ್ನು ನೋಡಿದೆ. ನಾಲ್ಕೂ ಗೋಡೆಗಳು ನನ್ನನ್ನು ನೋಡಿದವು. ಆ ಮನೆಯಲ್ಲಿ ಎಡ ಬಲ ಎನ್ನುವ ಮಾತೇ ಇರಲಿಲ್ಲ. ಊಟಕ್ಕೆ ಕೂತವರಿಗೆ "ತಟಗ ತೆಂಕಲಕ ಸರೀರಿ" ಎನ್ನುತ್ತಿದ್ದರು. ಎಮ್ಮೆ ಕಟ್ಟಿದ್ದು ಮೂಡಲ ಗೂಟಕ್ಕೆ, ಉಪ್ಪಿನ ಡಬ್ಬಿ ಇದ್ದದ್ದು ಪಡುವಲ ಗೂಡಿನಲ್ಲಿ. ಅತ್ತೆಯವರು ಓಣಿಯ ತುಂಬ "ನಮ್ಮ ಸೊಸಿಗೆ ಎರಡs ದಿಕ್ಕ ಬರ್ತಾವ್ರಿ" ಎಂದು ಹೇಳಿಕೊಂಡು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಆದರೆ ನಗು ಬಹಳ ದಿನ ನಡೆಯಿತು.

ಕಾಲೇಜಿನ ಗ್ರಂಥಾಲಯದಲ್ಲಿ ನೌಕರಿ ಮಾಡಿದವಳಾದ್ದರಿಂದ ಅವಮಾನವಾದಾಗಲೆಲ್ಲ ಪುಸ್ತಕ ತೆರೆಯುವ ಚಟ ನನಗೆ. ಓದಿದಷ್ಟೂ ಅತ್ತೆಯ ಕಡೆಯೇ ಸಾಕ್ಷಿ ಸಿಗುತ್ತಾ ಹೋಯಿತು. ನಮ್ಮ ಜಿಲ್ಲೆಯ ಹಳೆಯ ಗುಡಿಗಳ ಛಾವಣಿ ನೋಡಿ. ದಿಕ್ಕಿಗೊಬ್ಬ ದೇವತೆ, ದೇವತೆಗೊಂದು ವಾಹನ. ಮೂಡಲಕ್ಕೆ ಇಂದ್ರ, ಆನೆಯ ಮೇಲೆ. ಪಡುವಲಕ್ಕೆ ವರುಣ, ಮೊಸಳೆಯಂಥದ್ದರ ಮೇಲೆ. ಆಗ್ನೇಯದ ಅಗ್ನಿಗೆ ಟಗರು, ಇದು ಕುರುಬರ ಮನೆಯವರಿಗೆ ಸಣ್ಣ ಹೆಮ್ಮೆ. ಎಂಟು ದಿಕ್ಕಿಗೆ ಎಂಟು ದೇವರಿದ್ದಾರೆ. ಎಡಕ್ಕೂ ಬಲಕ್ಕೂ ಒಬ್ಬ ದಿಕ್ಕುಗೇಡಿ ದೇವರೂ ಇಲ್ಲ. ಈ ಮಾತನ್ನು ನಮ್ಮ ಮನೆಯವರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅವರು ಅದನ್ನು ಇವತ್ತಿಗೂ ಮರೆತಿಲ್ಲ.

ನಮ್ಮ ಮನೆಯವರ ಹೆಸರು ಬೀರಪ್ಪ. ಜಮಖಂಡಿಯ ಒಂದು ತಾಂತ್ರಿಕ ಶಾಲೆಯಲ್ಲಿ ವರ್ಕ್‌ಶಾಪಿನ ಮೇಸ್ತರಾಗಿದ್ದರು. ನಮ್ಮದು ಹೊಸ ಜಿಲ್ಲೆಯಾದ ಕೆಲವು ವರ್ಷಗಳಲ್ಲಿ ಅವರ ಊರಿಗೆ ಅಣೆಕಟ್ಟಿನ ಹಿನ್ನೀರು ಬಂತು. ಅದು ಹೊಳೆಯಂತೆ ನುಗ್ಗಿ ಬರಲಿಲ್ಲ. ಈ ವರ್ಷ ಹೊಲದ ಬದು, ಮುಂದಿನ ವರ್ಷ ಬಾವಿ, ಆಮೇಲೆ ಬೀಳಗಿಗೆ ಹೋಗುವ ಹಾದಿ, ಹೀಗೆ ಕೇಳಿ ಕೇಳಿ ತೆಗೆದುಕೊಂಡಂತೆ ತೆಗೆದುಕೊಂಡಿತು. ಊರವರೆಲ್ಲ ಪುನರ್ವಸತಿ ಕೇಂದ್ರಕ್ಕೆ ಬಂದರು. ಅಲ್ಲಿ ಎಲ್ಲ ರಸ್ತೆಗಳೂ ಒಂದೇ ಥರ, ಎಲ್ಲ ಜಾಗಗಳೂ ಒಂದೇ ಅಳತೆ. ಹಳೆಯ ಗುರುತು ಒಂದೂ ಇಲ್ಲ. ಅತ್ತೆಯವರು ಹೊಸ ಮನೆಯೊಳಗೆ ಕಾಲಿಟ್ಟು, ಬಾಗಿಲಲ್ಲಿ ಬಿದ್ದ ಬಿಸಿಲು ನೋಡಿ, ಸುಮ್ಮನೆ ಹೋಗಿ ನೀರಿನ ಚರಿಗೆಯನ್ನು ಬಡಗಲ ಗೋಡೆಗೆ ಇಟ್ಟರು. ಅದನ್ನು ನೋಡುತ್ತಿದ್ದ ನಮ್ಮ ಮನೆಯವರು ನನಗೆ ಹೇಳಿದರು:

"ಊರ ಹೋತು, ಹಾದಿ ಹೋತು. ಮೂಡಲ ಪಡುವಲ ಏನ್ ಹೋಗಿಲ್ಲಲ್ಲ."

ಆ ದಿನದಿಂದ ನಾನು ಅವರ ದಿಕ್ಕುಗಳನ್ನು ನೋಡಿ ನಗುವುದನ್ನು ಬಿಟ್ಟೆ. ಅವರಿಗೆ ಉಳಿದ ಆಸ್ತಿ ಅದೊಂದೇ ಎಂದು ನನಗೆ ಅರ್ಥವಾಗಿತ್ತು.

ಘಟ್ಟದ ಹುಚ್ಚು ಹಿಡಿದದ್ದೂ ಆಗಲೇ. "ನೀರ ಏರಲಾರದ ಜಾಗಾ ಒಮ್ಮೆ ನೋಡಬೇಕ ಅನಸ್ತೈತಿ" ಎಂದರು ನಮ್ಮ ಮನೆಯವರು. ನಸುಕಿನಲ್ಲಿ ಮೋಟಾರ್‌ಸೈಕಲ್ ಮೇಲೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಕೊಂಕಣಕ್ಕೆ ಇಳಿಯುವ ಘಾಟಿನ ನೆತ್ತಿಗೆ ಮುಟ್ಟಿದೆವು. ಕೆಳಗೆ ಮೋಡ, ಮೇಲೆ ನಾವು. ಗಾಡಿಯಿಂದ ಇಳಿಯದೆ ಬಹಳ ಹೊತ್ತು ನೋಡಿ, "ಇಲ್ಲೀತನಾ ಬರಂಗಿಲ್ಲ ಬಿಡು" ಎಂದರು. ಏನು ಬರುವುದಿಲ್ಲ ಎಂದು ನಾನು ಕೇಳಲಿಲ್ಲ. ಆಮೇಲೆ ರಜೆ ಬಂದರೆ ಸಾಕು, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಘಾಟಿಗೆ ಹೊರಡುವುದೇ ನಮ್ಮ ಸಂಸಾರವಾಯಿತು.

ಕಾಲೇಜಿಗೆ ಇಂಟರ್ನೆಟ್ಟು ಬಂದಾಗ ನಾನು ಆ ದಾರಿಗಳನ್ನೆಲ್ಲ ಬರೆದು 'ಗುಡ್ಡದ ಹಾದಿ' ಎಂಬ ವೆಬ್‌ಸೈಟು ಮಾಡಿದೆ. ಮಾಡಿದೆ ಎನ್ನುವುದು ದೊಡ್ಡ ಮಾತು. ಕಂಪ್ಯೂಟರ್ ವಿಭಾಗದ ಮೇಡಮ್ಮು ಮಾಡಿಕೊಟ್ಟರು, ನಾನು ತುಂಬಿಸಿದೆ. ಆಗ ಕನ್ನಡದ ಅಕ್ಷರಗಳು ಒಂದು ಕಂಪ್ಯೂಟರಿನಲ್ಲಿ ಅಕ್ಷರವಾಗಿಯೂ ಇನ್ನೊಂದರಲ್ಲಿ ಬರೀ ಚೌಕಗಳಾಗಿಯೂ ಕಾಣುತ್ತಿದ್ದವು. ಆದರೂ ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯ ಗಾಡಿಯವರು ಓದುತ್ತಿದ್ದರು, ತಮ್ಮ ತಮ್ಮ ದಾರಿಯನ್ನೂ ಬರೆದು ಕಳಿಸುತ್ತಿದ್ದರು. ನಮ್ಮ ಮನೆಯವರು ಹೇಳುತ್ತಿದ್ದರು, ನಾನು ಒಂದಕ್ಷರ ಬಿಡದೆ ಒತ್ತುತ್ತಿದ್ದೆ. 'ಮುರಕ ಮೈಲಿಗಲ್ಲ ದಾಟಿದ ಮ್ಯಾಲ ಹಾದಿ ಎರಡಾಗ್ತೈತಿ. ಪಡುವಲಕ ಹೋದದ್ದ ಹಿಡೀರಿ.' ಇದರಲ್ಲಿ ತಪ್ಪು ಏನಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಬರೆದವರೂ ಬಯಲಿನವರು, ಓದುವವರೂ ಬಯಲಿನವರು. ಸೂರ್ಯ ಕಾಣದ ಹಗಲೂ ಇರುತ್ತದೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಅದು ಗೊತ್ತಾದದ್ದು ಬನಹಟ್ಟಿಯ ಶಂಕ್ರಣ್ಣ, ಗೌರಕ್ಕ ದಂಪತಿಯಿಂದ. ಸೀರೆ ಅಂಗಡಿಯವರು, ನಮಗೆ ಬಹಳ ಬೇಕಾದವರು. ಮಳೆಗಾಲದಲ್ಲಿ ನಮ್ಮ ಪುಟವನ್ನು ಪ್ರಿಂಟು ತೆಗೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಘಾಟಿಗೆ ಹೋದರು. ಆ ಕವಲಿನ ಹತ್ತಿರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಚಕ್ರ ಕಂಡರೆ ಪುಣ್ಯ. ಪಡುವಲಕ್ಕೆ ಹೋಗು ಎಂದು ಕಾಗದ ಹೇಳುತ್ತಿತ್ತು, ಪಡುವಲ ಎಲ್ಲಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ತಪ್ಪು ದಾರಿ ಹಿಡಿದು, ಕೆಸರಿನಲ್ಲಿ ಜಾರಿ ಬಿದ್ದು, ಗೌರಕ್ಕನ ಮಣಿಕಟ್ಟು ಮುರಿಯಿತು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ಗೌರಕ್ಕ ಮುಂದಿನ ವಾರ ನಮ್ಮ ಮನೆಗೆ ಬಂದಳು. ಅವಳಿಗೆ ಸಿಟ್ಟಿರಲಿಲ್ಲ, ನಗುತ್ತಲೇ ಕೇಳಿದಳು: "ಅಣ್ಣಾರ, ಮಂಜಿನ್ಯಾಗ ಪಡುವಲ ಎಲ್ಲಿ ಹುಡುಕೂದ್ರಿ?"

ಅವಳು ಹೋದ ಮೇಲೆ ನಮ್ಮ ಮನೆಯವರು ಅಂಗಳಕ್ಕೆ ಹೋಗಿ ಗಾಡಿಯ ಮೇಲೆ ತಮ್ಮ ತಂದೆಯ ಹಳೆಯ ಕಂಬಳಿ ಹೊದಿಸಿದರು. "ನಾ ಹೇಳಿದ್ದೆಲ್ಲಾ ತಗದ ಬಿಡು, ಶಾಂತಾ" ಎಂದರು. ದೀಪಾವಳಿ ಬಂತು, ಕಂಬಳಿ ಸರಿಯಲಿಲ್ಲ. ಸಂಕ್ರಾಂತಿ ಬಂತು, ಸರಿಯಲಿಲ್ಲ. ಅವರಿಗೆ ಗೌರಕ್ಕನ ಕೈಯ ಚಿಂತೆಯಷ್ಟೇ ಆಗಿದ್ದರೆ ಕೈಯೊಂದಿಗೆ ಅದೂ ವಾಸಿಯಾಗುತ್ತಿತ್ತು. ಹೋಗುವುದಿಲ್ಲ ಎಂದು ನಂಬಿಕೊಂಡಿದ್ದದ್ದು ಹೀಗೆ ಒಂದು ಮಂಜಿಗೆ ಹೋಗಿಬಿಟ್ಟಿತಲ್ಲ ಎನ್ನುವುದು ಅವರನ್ನು ಒಳಗಿಂದ ತಿನ್ನುತ್ತಿತ್ತು. ಮನೆಯಲ್ಲಿಯೂ ಮೂಡಲ ಪಡುವಲದ ಮಾತು ಬಿಟ್ಟರು. ಓದುವ ಚಾಳೀಸು ಎಲ್ಲಿದೆ ಎಂದು ಕೇಳಿದರೆ "ಅಲ್ಲೇ ಐತಿ ನೋಡು" ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ನನಗೆ ಅಷ್ಟು ಹೆದರಿಕೆ ಯಾವಾಗಲೂ ಆಗಿರಲಿಲ್ಲ.

ನಾನು ಬೇರೆ ಉಪಾಯ ತಿಳಿಯದೆ ವೆಬ್‌ಸೈಟನ್ನು ಸುಧಾರಿಸಲು ಕೂತೆ. ಮೂಡಲ, ಪಡುವಲಗಳನ್ನೆಲ್ಲ ತೆಗೆದು ಅಲ್ಲಿ ಎಡ, ಬಲ ಹಾಕುವುದು. ಮಗ್ಗದ ಮನೆಯ ಮಗಳಿಗೆ ಕೊನೆಗೂ ಕಾಲ ಬಂತು ಎಂದು ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಕಣ್ಣು ಮುಚ್ಚಿ ಒಂದೊಂದೇ ತಿರುವನ್ನು ನೆನಪಿಸಿಕೊಂಡು ಹತ್ತು ಪುಟ ತಿದ್ದಿದೆ. ಪ್ರಿಂಟು ತೆಗೆದು, ಅವರು ಪೇಪರು ಓದುವ ಕುರ್ಚಿಯ ಮೇಲೆ ಇಟ್ಟೆ. ನೋಡದಿದ್ದರೆ ಹೋಗಲಿ ಎನ್ನುವಂತೆ ಇಟ್ಟೆ, ಆದರೆ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ.

ಅವರು ಓದಿದರು. ಹುಬ್ಬು ಗಂಟಿಕ್ಕಿದರು. ಮತ್ತೆ ಓದಿದರು. "ಏನ ಬೇ ಇದು? 'ಮಾರುತಿ ಗುಡಿ ನಿಮ್ಮ ಎದುರಿಗೆ ಬಂದ ತಕ್ಷಣ ಬಲಕ್ಕೆ ಹೋಗಿ.' ಗುಡಿ ಎದುರಿಗೆ ಎಲ್ಲೈತಿ? ಎಡಕ್ಕೈತಿ. ನೀ ಹೇಳಿದಂಗ ಬಲಕ್ಕ ಹೊಳ್ಳಿದ್ರ ಗಾಡಿ ಸೀದಾ ಕೊಳ್ಳದಾಗ!"

"ನಾ ಕಣ್ಣಾರೆ ನೋಡೇನ್ರಿ. ಗುಡಿ ಎದುರಿಗೇ ಇತ್ತು" ಎಂದು ನಾನೂ ಪಟ್ಟು ಹಿಡಿದೆ.

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಾನು ಉಟ್ಟ ಸೀರೆಯನ್ನು ನೋಡಿದರು. "ನೀ ಅಡ್ಡ ಕುಂತಿದ್ದಿ!" ಎಂದು ನಗಲು ಶುರು ಮಾಡಿದರು. ಕುರ್ಚಿ ಅಲುಗುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ನಿಜ. ಗಾಡಿ ಒಂದು ಕಡೆಗೆ ಮುಖ ಮಾಡಿದರೆ ನಾನು ಇಷ್ಟು ವರ್ಷ ಅದರ ಎಡಕ್ಕೆ ಮುಖ ಮಾಡಿ ಕೂತಿದ್ದೆ. ಗಾಡಿಯ ಎಡ ನನಗೆ ಎದುರು, ಗಾಡಿಯ ಎದುರು ನನಗೆ ಬಲ. ಘಟ್ಟ ಘಟ್ಟ ಎಂದು ನಾನು ಬಣ್ಣಿಸಿದ್ದೆಲ್ಲ ಅರ್ಧ ಘಟ್ಟ, ಒಂದೇ ಮಗ್ಗುಲಿನದು. ಉಳಿದ ಅರ್ಧವನ್ನು ವಾಪಸು ಬರುವಾಗ ನೋಡಿ, ಮನಸ್ಸಿನಲ್ಲೇ ಎರಡನ್ನೂ ಕೂಡಿಸಿ ಹೊಲಿದುಕೊಂಡಿದ್ದೆ. ಎರಡೇ ದಿಕ್ಕು ಬಲ್ಲ ಸೊಸೆ ಆ ಎರಡನ್ನೂ ತಪ್ಪು ಬರೆದಿದ್ದಳು. ಅತ್ತೆಯವರು ಬದುಕಿದ್ದರೆ ಓಣಿಯಲ್ಲಿ ನನಗೆ ಮತ್ತೆ ಮುಖ ಇರುತ್ತಿರಲಿಲ್ಲ.

ಆ ನಗುವಿನ ಸಂದಿನಲ್ಲೇ ನಾನು ಮಾತು ತೂರಿಸಿದೆ. "ಹಂಗಾದ್ರ ಆ ಕವಲೊಂದು ನೋಡಿ ಬರೂಣ್ರಿ. ನಾ ಕಂಡದ್ದು ಅರ್ಧs ಐತಿ." ಮಳೆ ಶುರುವಾದ ಮೇಲೆ ಒಂದು ರವಿವಾರ ಅಂಗಳದಿಂದ ಕಂಬಳಿ ಝಾಡಿಸುವ ಸದ್ದು ಕೇಳಿತು. ಕಂಬಳಿಯನ್ನು ಮಡಚಿ ಗಾಡಿಗೇ ಕಟ್ಟಿಕೊಂಡರು.

ಆ ದಿನ ನಾನು ಚೂಡಿದಾರ ಹಾಕಿಕೊಂಡು, ಬದುಕಿನಲ್ಲಿ ಮೊದಲ ಸಲ ಎರಡೂ ಕಡೆ ಕಾಲು ಹಾಕಿ ಕೂತೆ. ಓಣಿಯವರು ನೋಡಲಿ ಎಂದು ನೆಟ್ಟಗೆ ಕೂತೆ. ಮುಂದೆ ಏನಿರುತ್ತದೆ ಎಂದು ಇಷ್ಟು ವರ್ಷದ ಮೇಲೆ ನೋಡಲು ಹೊರಟರೆ, ಮುಂದೆ ಇದ್ದದ್ದು ಅವರ ಬೆನ್ನು.

ಕವಲು ಮುಟ್ಟುವಷ್ಟರಲ್ಲಿ ಮಂಜು. ಗೌರಕ್ಕ ಹೇಳಿದ್ದು ಏನೂ ಹೆಚ್ಚಿರಲಿಲ್ಲ. ಅವರು ಗಾಡಿ ನಿಲ್ಲಿಸಿ ಇಳಿದು, ಮುರಿದ ಮೈಲಿಗಲ್ಲಿನ ಪಕ್ಕ ನಿಂತರು. ಒಂದು ದಾರಿ ಈ ಬಿಳುಪಿನೊಳಗೆ, ಇನ್ನೊಂದು ಆ ಬಿಳುಪಿನೊಳಗೆ ಹೋಗಿತ್ತು. "ಗೊತ್ತಾಗವಲ್ದು" ಎಂದರು. ಅವರ ಬಾಯಿಂದ ಆ ಮಾತು ಕೇಳಿ, ಯಾಕಾದರೂ ಕರೆದುಕೊಂಡು ಬಂದೆನೋ ಎನ್ನಿಸಿತು.

ಮಳೆ ಹನಿಯತೊಡಗಿತು. ಅವರು ಹೆಲ್ಮೆಟ್ ತೆಗೆದು, ಕಂಬಳಿ ಬಿಚ್ಚಿ ತಮ್ಮ ತಂದೆ ಹೊದೆಯುತ್ತಿದ್ದ ಹಾಗೆ ತಲೆಯ ಮೇಲಿಂದ ಕೊಪ್ಪೆ ಮಾಡಿ ಹೊದ್ದುಕೊಂಡರು. ಗಾಳಿ ಹನಿಯನ್ನು ತಂದು ಮುಖಕ್ಕೆ ಬಡಿಯಿತು. ಅವರು ತಪ್ಪಿಸಿಕೊಳ್ಳಲು ಬೆನ್ನು ತಿರುಗಿಸಿದರು. ತಿರುಗಿಸಿದವರು ಹಾಗೆಯೇ ನಿಂತುಬಿಟ್ಟರು.

"ಶಾಂತಾ, ಮಳೀ ಗಾಳಿಗೆ ಕುರಿ ಹಿಂಗs ಬೆನ್ನ ಕೊಟ್ಟ ನಿಂದ್ರತಾವು. ಅಪ್ಪ ತೋರಸ್ತಿದ್ದ. ಈ ದಿನದಾಗ ಗಾಳಿ ಬರೂದು ಒಂದs ಕಡಿಂದ." ಕಂಬಳಿಯೊಳಗಿನಿಂದ ಕೈ ಹೊರಬಂದು ಬೆನ್ನ ಹಿಂದಿನ ಬಿಳುಪನ್ನು ತೋರಿಸಿತು. "ಅಲ್ಲೈತಿ ಪಡುವಲ. ಎಲ್ಲೂ ಹೋಗಿಲ್ಲ."

ನಾನು ಅತ್ತುಬಿಟ್ಟೆ. ಮಂಜು ಇದ್ದದ್ದು ಒಳ್ಳೆಯದಾಯಿತು. ಮಂಜು ಸರಿಯುವ ತನಕ ಮೈಲಿಗಲ್ಲಿನ ಮೇಲೆ ಕೂತು ರೊಟ್ಟಿ ತಿಂದೆವು. ಅದು ಸರಿದಾಗ ಅವರು ತೋರಿಸಿದ ಕಡೆಗೇ ಸರಿಯಾದ ದಾರಿ ಇಳಿಯುತ್ತಿತ್ತು. ಗಾಡಿಯ ಮೇಲೆ ನೇರ ಕೂತವರಿಗೆ ಅದು ಎಡ.

ಸುಧಾರಿಸಿದ ಪುಟವನ್ನು ಅವರೇ ಹೇಳಿ ಬರೆಸಿದರು. 'ಮೈಲಿಗಲ್ಲು ದಾಟಿ, ಇಳಿಯುವವರಿಗೆ ಎಡಕ್ಕೆ, ಎಂದರೆ ಪಡುವಲಕ್ಕೆ. ಮಳೆಗಾಲದಲ್ಲಿ ಮಂಜಿದ್ದರೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಪಡುವಲ ನಿಮ್ಮ ಬೆನ್ನ ಹಿಂದಿರುತ್ತದೆ. ಅಷ್ಟಕ್ಕೂ ತಿಳಿಯದಿದ್ದರೆ ಕಾಯಿರಿ, ಕುರಿಗಳೂ ಕಾಯುತ್ತವೆ.' ಗಾಡಿಯವರ ವೆಬ್‌ಸೈಟಿನಲ್ಲಿ ಕುರಿಯ ಮಾತು ಬೇಕೇ ಎಂದು ಮುಧೋಳದ ಒಬ್ಬರು ಆಕ್ಷೇಪ ಬರೆದರು. ನಾವು ತೆಗೆಯಲಿಲ್ಲ.

ಈಗ ಆ ವೆಬ್‌ಸೈಟಿಲ್ಲ. ಎಲ್ಲರ ಫೋನಿನಲ್ಲೂ ಒಬ್ಬ ಹೆಣ್ಣುಮಗಳು ಕೂತು ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಎನ್ನುತ್ತಾಳೆ. ಅವಳು ಎಂದೂ ಅಡ್ಡ ಕೂತವಳಲ್ಲ. ನಮ್ಮ ಮನೆಯವರು ಅವಳ ಮಾತನ್ನು ಕೇಳುತ್ತಾರೆ, ಕೇಳಿ "ಪಡುವಲಕ ಅನ್ನವಾ" ಎಂದು ತಿದ್ದುತ್ತಾರೆ.

ಮೊನ್ನೆ ಗೌರಕ್ಕ ಬಂದಿದ್ದಳು. ನಾನು ಒಲೆಯ ಮುಂದಿದ್ದೆ, ರೊಟ್ಟಿ ಹೆಂಚಿನ ಮೇಲಿತ್ತು, ಕೈ ತುಂಬ ಹಿಟ್ಟು. "ಗೌರಕ್ಕ, ಬಡಗಲ ಗ್ವಾಡಿಗೆ ಚರಿಗಿ ಐತಿ, ತಗೊಂಬಾ" ಎಂದೆ. ಚರಿಗೆ ಬರಲಿಲ್ಲ. ತಿರುಗಿ ನೋಡಿದರೆ ಅವಳು ನಡುಮನೆಯಲ್ಲಿ ನಿಂತು ನಾಲ್ಕೂ ಗೋಡೆಗಳನ್ನು ನೋಡುತ್ತಿದ್ದಳು, ಹಿಂದೊಮ್ಮೆ ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.

"ವೈನೀ," ಎಂದಳು, "ಉಳಿದದ್ದೊಂದ ಕೈನೂ ಮುರಸಾಕ ನಿಂತೀರೇನ್ರಿ?"